ಇನ್ನೊಂದು ಲಿನಕ್ಸ್ ಬೇಡ, ಇರುವ ಲಿನಕ್ಸ್‌ಗೆ ಆ್ಯಪ್ ಕೊಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆ ಬಳಕೆದಾರರು ಸಣ್ಣ ಶುಲ್ಕ ಕೊಟ್ಟು, ಇಲ್ಲವೇ ತಮ್ಮ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿ, ಇನ್ನೊಂದು ವರ್ಷ ಸುರಕ್ಷತಾ ಅಪ್‌ಡೇಟ್ ಪಡೆಯಬಹುದು ಎಂದು ಕಂಪನಿ ಆಗ ಪ್ರಕಟಿಸಿತು. ಗಡುವು ಒಂದು ವರ್ಷ ಮುಂದೆ ಹೋಯಿತು, ಅಷ್ಟೆ. ವಿಂಡೋಸ್ 11ಕ್ಕೆ ಏರೋಣವೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಸುರಕ್ಷತಾ ಸೌಲಭ್ಯವಿರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದ್ದಾಗಿರಬೇಕು. ಏಳೆಂಟು ವರ್ಷಕ್ಕಿಂತ ಹಳೆಯ, ಆದರೆ ಇನ್ನೂ ಗಟ್ಟಿಯಾಗಿ ಕೆಲಸ ಮಾಡುವ ಕಂಪ್ಯೂಟರ್‌ಗಳು ಒಂದೇ ಏಟಿಗೆ ‘ಅನರ್ಹ’ವಾದವು.

ಬೇಲಾಪುರದಂಥ ಊರಿನಲ್ಲಿ ಇದರ ಬಿಸಿ ಚೆನ್ನಾಗಿಯೇ ತಟ್ಟುತ್ತದೆ. ಕೊಂಕಣ ಭವನ, ಸಿಡ್ಕೊ ಭವನ, ನವಿ ಮುಂಬಯಿ ಮಹಾನಗರ ಪಾಲಿಕೆಯ ಕೇಂದ್ರ ಕಚೇರಿ, ರಿಸರ್ವ್ ಬ್ಯಾಂಕಿನ ಕಚೇರಿ ಎಲ್ಲವೂ ಇಲ್ಲಿವೆ. ಅವುಗಳ ಸುತ್ತ ಲೆಕ್ಕಪರಿಶೋಧಕರು, ತೆರಿಗೆ ಸಲಹೆಗಾರರು, ಜೆರಾಕ್ಸ್ ಅಂಗಡಿಗಳು, ರೈಲು ನಿಲ್ದಾಣದ ಮೇಲಿನ ಕಟ್ಟಡಗಳಲ್ಲಿ ಸಣ್ಣ ಸಾಫ್ಟ್‌ವೇರ್ ಕಂಪನಿಗಳು. ಇಲ್ಲಿ ಕಂಪ್ಯೂಟರ್ ಹೊಟ್ಟೆಪಾಡಿನ ಸಾಧನ. ನಾಲ್ಕು ಯಂತ್ರವಿಟ್ಟುಕೊಂಡ ಕಚೇರಿಗೆ ನಾಲ್ಕನ್ನೂ ಬದಲಿಸುವುದೆಂದರೆ ಒಂದು ತಿಂಗಳ ಬಾಡಿಗೆಗಿಂತ ದೊಡ್ಡ ಖರ್ಚು. ಮುಂಬಯಿ ಸುತ್ತಮುತ್ತಲಿನ ಕನ್ನಡ ಸಂಘಗಳ ಕಚೇರಿಯ ಮೂಲೆಯಲ್ಲಿರುವ ಕಂಪ್ಯೂಟರಿನ ಕಥೆಯೂ ಇದೇ. ಯಾರೋ ಸದಸ್ಯರು ದಾನವಾಗಿ ಕೊಟ್ಟ ಯಂತ್ರ, ಅದರಲ್ಲಿ ನುಡಿ ಅಥವಾ ಬರಹ, ವರ್ಷವರ್ಷದ ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆ.

ಇಂಥಲ್ಲಿ ನಮ್ಮಂಥ ಐಟಿಯವರು ಕೊಡುವ ಸಲಹೆ ಒಂದೇ: ಲಿನಕ್ಸ್ ಹಾಕಿಕೊಳ್ಳಿ. ಸಲಹೆ ಸರಿಯೇ. ಹಳೆಯ ಯಂತ್ರದಲ್ಲೂ ಅದು ಚೆನ್ನಾಗಿ ಓಡುತ್ತದೆ, ಬ್ರೌಸರ್ ಇದೆ, ಲಿಬ್ರೆ ಆಫೀಸ್ ಇದೆ, ಲೈಸೆನ್ಸ್ ಹಣವಿಲ್ಲ. ಆದರೆ ಎರಡನೇ ದಿನವೇ ಪ್ರಶ್ನೆ ಬರುತ್ತದೆ: “ನಾನು ದಿನಾ ಬಳಸುವ ಆ ತಂತ್ರಾಂಶ ಇದರಲ್ಲಿ ಹೇಗೆ ಹಾಕುವುದು?” ಅಲ್ಲಿಗೆ ಸಲಹೆ ಕೊಟ್ಟವರ ಮಾತು ತಡವರಿಸುತ್ತದೆ. ಲಿನಕ್ಸ್‌ಗೆ ಬೇಕಾದ್ದೆಲ್ಲ ಇದ್ದರೂ ಒಂದು ಆ್ಯಪನ್ನು ಅದರ ಎಲ್ಲ ಬಳಕೆದಾರರಿಗೆ ತಲುಪಿಸುವ ದಾರಿ ಇನ್ನೂ ಸಲೀಸಾಗಿಲ್ಲ. ನಮ್ಮ ಸರ್ಕಾರಗಳು ಈ ತೊಡಕಿಗೆ ಮದ್ದೆಂದು ಹೊಸಹೊಸ ಲಿನಕ್ಸ್‌ಗಳನ್ನೇ ಮಾಡುತ್ತಾ ಬಂದಿವೆ. ಕಾಯಿಲೆಗೂ ಮದ್ದಿಗೂ ಹೊಂದಿಕೆಯಿಲ್ಲ ಎಂಬುದೇ ನನ್ನ ವಾದ.

ಮನೆಮನೆಗೆ ಬೇರೆ ಸಾರಿನ ಪುಡಿ

ಲಿನಕ್ಸ್ ಎಂದರೆ ನಿಜವಾಗಿ ಒಂದು ತಿರುಳು ಮಾತ್ರ, ಅಂದರೆ ಕರ್ನೆಲ್. ಅದರ ಸುತ್ತ ಸಾವಿರಾರು ತಂತ್ರಾಂಶಗಳನ್ನು ಜೋಡಿಸಿ, ಪರೀಕ್ಷಿಸಿ, ಬಳಕೆಗೆ ಸಿದ್ಧಗೊಳಿಸಿದ ಕಟ್ಟಿಗೆ ಡಿಸ್ಟ್ರಿಬ್ಯೂಷನ್, ಆಡುಮಾತಿನಲ್ಲಿ ಡಿಸ್ಟ್ರೋ ಎನ್ನುತ್ತಾರೆ. ಡೆಬಿಯನ್ 1993ರಿಂದ ಇದೆ. ಫೆಡೋರಾ 2003ರಲ್ಲಿ, ಡೆಬಿಯನ್‌ನಿಂದಲೇ ಕವಲೊಡೆದ ಉಬುಂಟು 2004ರಲ್ಲಿ ಬಂದವು. ಮಿಂಟ್, ಓಪನ್‌ಸೂಸೆ, ಆರ್ಚ್ ಹೀಗೆ ಹೆಸರಿಸುತ್ತಾ ಹೋದರೆ ನೂರಾರು. ಡೆಬಿಯನ್ ಬಳಗದ್ದು ಡೆಬ್ ಪ್ಯಾಕೇಜ್, ರೆಡ್ ಹ್ಯಾಟ್ ಬಳಗದ್ದು ಆರ್‌ಪಿಎಂ. ಒಂದರದ್ದು ಇನ್ನೊಂದರಲ್ಲಿ ಸಲ್ಲದು.

ಪೆಟ್ಟಿಗೆಯ ಆಕಾರ ಬೇರೆಯಾದದ್ದು ಸಣ್ಣ ತೊಂದರೆ. ದೊಡ್ಡ ತೊಂದರೆ ಒಳಗಿದೆ. ವಿಂಡೋಸ್ ಆ್ಯಪ್ ತನಗೆ ಬೇಕಾದ ಸಾಮಾನನ್ನು ಬಹುಮಟ್ಟಿಗೆ ತಾನೇ ಹೊತ್ತು ತರುತ್ತದೆ. ಲಿನಕ್ಸ್‌ನ ಹಳೆಯ ಪದ್ಧತಿ ಹಾಗಲ್ಲ. ಹತ್ತು ಆ್ಯಪ್‌ಗಳಿಗೆ ಸಾಮಾನ್ಯವಾಗಿ ಬೇಕಾಗುವ ಲೈಬ್ರರಿ ಎಂಬ ತುಣುಕುಗಳನ್ನು ಡಿಸ್ಟ್ರೋ ಒಂದೇ ಕಡೆ ಇಟ್ಟಿರುತ್ತದೆ, ಎಲ್ಲರೂ ಅದನ್ನೇ ಹಂಚಿಕೊಳ್ಳಬೇಕು. ಅಡುಗೆ ಪುಸ್ತಕದಲ್ಲಿ ‘ಎರಡು ಚಮಚ ಸಾರಿನ ಪುಡಿ’ ಎಂದು ಬರೆದರೆ ಸಾಕೇ? ಮೈಸೂರಿನ ಮನೆಯ ಪುಡಿ ಬೇರೆ, ಉಡುಪಿಯ ಮನೆಯ ಪುಡಿ ಬೇರೆ, ಧಾರವಾಡದ್ದು ಇನ್ನೂ ಬೇರೆ. ಬರೆದವರ ಮನೆಯಲ್ಲಿ ಹದವಾದ ಸಾರು ಮಾಡಿದವರ ಮನೆಯಲ್ಲಿ ಕೆಡುತ್ತದೆ.

ಉದಾಹರಣೆಗೆ ಗ್ಲಿಬ್‌ಸಿ ಎಂಬ ಲೈಬ್ರರಿ. ಲಿನಕ್ಸ್ ಡೆಸ್ಕ್‌ಟಾಪ್‌ನ ಬಹುಪಾಲು ಆ್ಯಪ್‌ಗಳು ಇದರ ಮೇಲೆಯೇ ನಿಂತಿವೆ. ಉಬುಂಟು 20.04ರಲ್ಲಿ ಇದರ 2.31ನೇ ಆವೃತ್ತಿ ಇತ್ತು, 22.04ರಲ್ಲಿ 2.35. ಹಳೆಯದರಲ್ಲಿ ಕಟ್ಟಿದ ಆ್ಯಪ್ ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡದಿರುವ ಸಾಧ್ಯತೆಯೇ ಹೆಚ್ಚು. ಹಾಗೆಯೇ ಗೂಢಲಿಪೀಕರಣಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್. ಉಬುಂಟು 22.04ಕ್ಕೆ ಬರುವಾಗ ಹಳೆಯ 1.1 ಆವೃತ್ತಿಯನ್ನು ತೆಗೆದು 3.0 ತಂದರು. ಹಳೆಯದನ್ನೇ ನಂಬಿದ್ದ ಎಷ್ಟೋ ಆ್ಯಪ್‌ಗಳು ಅಲ್ಲಿಗೇ ಮುಗ್ಗರಿಸಿದವು. ಆ್ಯಪ್ ಬರೆದವರು ಒಂದಕ್ಷರವನ್ನೂ ಬದಲಿಸಿರಲಿಲ್ಲ, ಕಾಲ ಕೆಳಗಿನ ನೆಲ ಬದಲಾಗಿತ್ತು.

ಇದರ ಕಷ್ಟ ಲಿನಕ್ಸ್ ಜನಕನಿಗೂ ತಪ್ಪಲಿಲ್ಲ. ಲೈನಸ್ ಟೊರ್ವಾಲ್ಡ್ಸ್ 2011ರಲ್ಲಿ ಸಬ್‌ಸರ್ಫೇಸ್ ಎಂಬ ಆ್ಯಪ್ ಶುರು ಮಾಡಿದರು. ಸಮುದ್ರದಾಳಕ್ಕೆ ಇಳಿಯುವ ಹವ್ಯಾಸಿಗಳು ತಮ್ಮ ಮುಳುಗಿನ ಲೆಕ್ಕ ಇಡುವ ಸಲಕರಣೆ ಅದು. 2014ರಲ್ಲಿ ಡೆಬಿಯನ್ ಅಭಿವೃದ್ಧಿಕಾರರ ವಾರ್ಷಿಕ ಸಮ್ಮೇಳನದಲ್ಲಿ ಅವರು ಇದನ್ನೇ ಮುಂದಿಟ್ಟು ದೂರಿದರು. ವಿಂಡೋಸ್‌ಗೂ ಮ್ಯಾಕ್‌ಗೂ ಸಿದ್ಧ ಪ್ರತಿ ಕೊಡುತ್ತೇವೆ, ಲಿನಕ್ಸ್‌ಗೆ ಮಾತ್ರ ಕೊಡುವುದಿಲ್ಲ, ಏಕೆಂದರೆ ಪ್ರತಿ ಡಿಸ್ಟ್ರೋಗೂ, ಅದರ ಪ್ರತಿ ಆವೃತ್ತಿಗೂ ಬೇರೆಬೇರೆ ಕಟ್ಟುತ್ತಾ ಕೂರಲಾಗದು ಎಂಬುದು ಅವರ ಮಾತಿನ ಸಾರಾಂಶ. ಕರ್ನೆಲ್ ವಿಷಯದಲ್ಲಿ ‘ಮೇಲೆ ಓಡುವ ಆ್ಯಪ್ ಒಡೆಯಬಾರದು’ ಎಂಬ ಕಟ್ಟುನಿಟ್ಟನ್ನು ಅವರು ಪಾಲಿಸುತ್ತಾರೆ. ಅದರ ಮೇಲಿನ ಪದರಗಳಲ್ಲಿ ಅಂಥ ಕಟ್ಟುನಿಟ್ಟು ಇಲ್ಲ.

ಹೊಣೆ ಯಾರದು?

ಇಲ್ಲಿ ತಾಂತ್ರಿಕ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ. ಆ್ಯಪ್ ಕೆಟ್ಟರೆ ಯಾರನ್ನು ಕೇಳಬೇಕು? ಸಾಂಪ್ರದಾಯಿಕ ಏರ್ಪಾಡಿನಲ್ಲಿ ಆ್ಯಪ್ ಬರೆಯುವವರು ಒಬ್ಬರು, ಅದನ್ನು ಡಿಸ್ಟ್ರೋಗೆ ಹೊಂದಿಸಿ ಪ್ಯಾಕೇಜ್ ಮಾಡುವವರು ಮತ್ತೊಬ್ಬರು. ಈ ಪ್ಯಾಕೇಜ್ ಮಾಡುವವರಲ್ಲಿ ಬಹಳಷ್ಟು ಜನ ಸ್ವಯಂಸೇವಕರು. ಡೆಬಿಯನ್, ಫೆಡೋರಾಗಳು ಇಷ್ಟು ವರ್ಷ ನಡೆದದ್ದೇ ಅವರ ದುಡಿಮೆಯಿಂದ. ಆದರೆ ಪ್ಯಾಕೇಜ್ ಮಾಡುವಾಗ ಅವರು ಒಂದು ಲೈಬ್ರರಿ ಬದಲಿಸಿದರೆ, ಅದರಿಂದ ಆ್ಯಪ್ ಕೆಟ್ಟರೆ, ಬಳಕೆದಾರರ ದೂರು ಹೋಗುವುದು ಬರೆದವರ ಬಾಗಿಲಿಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಪರಿಸ್ಥಿತಿ.

2025ರ ಫೆಬ್ರುವರಿಯಲ್ಲಿ ಇದು ಜಗಳಕ್ಕೇ ತಿರುಗಿತು. ವಿಡಿಯೊ ರೆಕಾರ್ಡಿಂಗ್‌ಗೆ ಹೆಸರಾದ ಓಬಿಎಸ್ ಸ್ಟುಡಿಯೊ ತಂಡ ತಾನೇ ಒಂದು ಅಧಿಕೃತ ಪ್ಯಾಕೇಜ್ ಕೊಡುತ್ತಿತ್ತು. ಫೆಡೋರಾ ತನ್ನದೇ ಇನ್ನೊಂದನ್ನು ಮಾಡಿ ಹಂಚುತ್ತಿತ್ತು, ಅದು ಸರಿಯಾಗಿ ಓಡುತ್ತಿರಲಿಲ್ಲ. ನಮ್ಮ ಹೆಸರು, ಲಾಂಛನ ತೆಗೆಯಿರಿ, ಇಲ್ಲವಾದರೆ ಕಾನೂನು ಕ್ರಮ ಎಂದು ಓಬಿಎಸ್ ತಂಡ ಎಚ್ಚರಿಸಿತು. ಕೊನೆಗೆ ಫೆಡೋರಾ ತನ್ನ ಪ್ಯಾಕೇಜನ್ನು ಕೈಬಿಟ್ಟಿತು. ಎರಡು ಮುಕ್ತ ತಂತ್ರಾಂಶ ಸಮುದಾಯಗಳು ವಕೀಲರ ಭಾಷೆಗೆ ಇಳಿದವೆಂದರೆ ಹೊಣೆಯ ಗೊಂದಲ ಎಷ್ಟು ಆಳವಾಗಿದೆ ಎಂದು ಊಹಿಸಬಹುದು.

ಎಲ್ಲ ಡಿಸ್ಟ್ರೋಗಳಿಗೂ ಒಂದೇ ಅಡಿಪಾಯ ಹಾಕುವ ಯತ್ನ ನಡೆಯಲಿಲ್ಲವೆಂದಲ್ಲ. ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್ ಎಂಬ ಮಾನದಂಡದ ಮೊದಲ ಆವೃತ್ತಿ 2001ರಲ್ಲೇ ಬಂತು. ಕಾಗದದ ಮೇಲೆ ಅಚ್ಚುಕಟ್ಟಾಗಿದ್ದರೂ ಅದನ್ನು ನಂಬಿ ಆ್ಯಪ್ ಕಟ್ಟಿದವರು ಬೆರಳೆಣಿಕೆಯಷ್ಟು. 2015ರಲ್ಲಿ ಡೆಬಿಯನ್ ಅದರ ಬಹುಪಾಲನ್ನು ಕೈಬಿಟ್ಟಿತು.

ಡಬ್ಬಾ ಬಂತು, ಜೊತೆಗೆ ಅದರದೇ ತಾಪತ್ರಯ

ಸಾರಿನ ಪುಡಿ ಹೊಂದದಿದ್ದರೆ ಊಟವನ್ನೇ ಡಬ್ಬಾದಲ್ಲಿ ಕಳಿಸಿದರಾಯಿತು. ಈಚಿನ ವರ್ಷಗಳಲ್ಲಿ ಹರಡಿದ ಮೂರು ಪದ್ಧತಿಗಳ ತಿರುಳು ಇದು. ಆ್ಯಪ್‌ಇಮೇಜ್ ಎಂದರೆ ಒಂದೇ ಕಡತ. ಇಳಿಸಿಕೊಂಡು, ಓಡಿಸಲು ಅನುಮತಿ ಕೊಟ್ಟು, ಕ್ಲಿಕ್ ಮಾಡಿದರೆ ಸಾಕು. ಸ್ನ್ಯಾಪ್ ಎಂಬುದು ಉಬುಂಟು ತಯಾರಕರಾದ ಕೆನಾನಿಕಲ್‌ನ ಏರ್ಪಾಡು. ಫ್ಲಾಟ್‌ಪ್ಯಾಕ್ 2016ರಲ್ಲಿ ಆ ಹೆಸರು ಪಡೆದ ಯೋಜನೆ, ಅದರ ದೊಡ್ಡ ಮಳಿಗೆ ಫ್ಲಾಟ್‌ಹಬ್. ಇವುಗಳಲ್ಲಿ ಆ್ಯಪ್ ತನಗೆ ಬೇಕಾದ ಲೈಬ್ರರಿಗಳನ್ನು ತನ್ನ ಜೊತೆಗೇ ತರುತ್ತದೆ, ಅಥವಾ ಎಲ್ಲೆಡೆ ಒಂದೇ ರೀತಿಯಿರುವ ಒಂದು ತಳಹದಿಯಿಂದ ಪಡೆಯುತ್ತದೆ. ಟೊರ್ವಾಲ್ಡ್ಸ್ ಶುರು ಮಾಡಿದ ಆ ಸಬ್‌ಸರ್ಫೇಸ್ ಕೂಡ ಮುಂದೆ ಆ್ಯಪ್‌ಇಮೇಜ್ ಆಗಿ ಸಿಕ್ಕಿತು.

ಹಾಗೆಂದು ಸಮಸ್ಯೆ ತೀರಿತೇ? ಅರ್ಧ ತೀರಿತು. ಹಳೆಯ ರೀತಿಯ ಆ್ಯಪ್‌ಇಮೇಜ್‌ಗಳಿಗೆ ಬೇಕಾದ ಫ್ಯೂಸ್ 2 ಎಂಬ ಲೈಬ್ರರಿ ಉಬುಂಟು 22.04ರಲ್ಲಿ ಮೊದಲೇ ಕೂತಿರಲಿಲ್ಲ. ಡಬ್ಬಾ ಬಂದರೂ ಮುಚ್ಚಳ ತೆಗೆಯುವ ಚಮಚ ಇಲ್ಲದಂತಾಯಿತು. ಸ್ನ್ಯಾಪ್ ಮಳಿಗೆಯ ಸರ್ವರ್ ಭಾಗ ಕೆನಾನಿಕಲ್ ಒಂದರ ಕೈಯಲ್ಲಿದೆ, ಅದರ ಮೂಲ ಸಂಕೇತವೂ ಮುಕ್ತವಲ್ಲ. ಇದನ್ನೊಪ್ಪದ ಲಿನಕ್ಸ್ ಮಿಂಟ್ 2020ರಲ್ಲಿ ತನ್ನ 20ನೇ ಆವೃತ್ತಿಯಿಂದ ಸ್ನ್ಯಾಪ್‌ಗೆ ತಡೆ ಹಾಕಿತು. ಫ್ಲಾಟ್‌ಪ್ಯಾಕ್‌ನಲ್ಲಿ ಮೊದಲ ಆ್ಯಪ್ ಚಿಕ್ಕದಾದರೂ ತಳಹದಿ ಸೇರಿ ನೂರಾರು ಎಂಬಿ ಇಳಿಯುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವವರಿಗೆ ಇದು ಸಣ್ಣ ಮಾತಲ್ಲ.

ಸುರಕ್ಷತೆಯ ಆಕ್ಷೇಪಕ್ಕೂ ತೂಕವಿದೆ. 2023ರ ಸೆಪ್ಟೆಂಬರ್‌ನಲ್ಲಿ ಲಿಬ್‌ವೆಬ್‌ಪಿ ಎಂಬ ಚಿತ್ರ ಸಂಬಂಧಿ ಲೈಬ್ರರಿಯಲ್ಲಿ ಗಂಭೀರ ದೋಷ ಬಯಲಾಯಿತು. ಡಿಸ್ಟ್ರೋ ಹಂಚಿಕೊಂಡ ಪ್ರತಿಯನ್ನು ಒಮ್ಮೆ ಸರಿಪಡಿಸಿದರೆ ಅದನ್ನು ಬಳಸುವ ಆ್ಯಪ್‌ಗಳೆಲ್ಲ ಸರಿಯಾದವು. ತಮ್ಮದೇ ಪ್ರತಿಯನ್ನು ಹೊಟ್ಟೆಯೊಳಗಿಟ್ಟುಕೊಂಡ ಆ್ಯಪ್‌ಗಳು ಮಾತ್ರ ಒಂದೊಂದಾಗಿ ಹೊಸ ಆವೃತ್ತಿ ತರಬೇಕಾಯಿತು. ಡಬ್ಬಾ ಪದ್ಧತಿಯಲ್ಲಿ ತಾಜಾತನದ ಹೊಣೆ ಡಬ್ಬಾ ಕಟ್ಟಿದವರದ್ದು. ಅವರು ಕಟ್ಟಿ ಮರೆತುಬಿಟ್ಟರೆ ತಿಂದವರಿಗೆ ಹೊಟ್ಟೆನೋವು.

ಆದರೂ ಆ್ಯಪ್ ಕೊಡಬೇಕಾದ ಸಂಸ್ಥೆಯ ದೃಷ್ಟಿಯಿಂದ ನೋಡಿ. 2014ರಲ್ಲಿ ‘ಯಾವ ಲಿನಕ್ಸ್‌ಗೆ ಕೊಡುವುದು ಮಾರಾಯ್ರೇ, ಇಪ್ಪತ್ತು ಬಗೆ ಇದೆ’ ಎಂದರೆ ಅದು ನ್ಯಾಯವಾದ ನೆಪ. ಈಗ ಒಂದು ಫ್ಲಾಟ್‌ಪ್ಯಾಕ್ ಕಟ್ಟಿದರೆ ಜನಬಳಕೆಯ ಬಹುತೇಕ ಡಿಸ್ಟ್ರೋಗಳಿಗೆ ಸಲ್ಲುತ್ತದೆ. ನೆಪ ಹಳತಾಗಿದೆ.

ಸರ್ಕಾರದ ನೀತಿ ಒಂದು, ಕಡತ ಇನ್ನೊಂದು

ಸರ್ಕಾರಿ ವ್ಯವಸ್ಥೆಯಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಪ್ರಕಟಿಸಿದೆ. ಇನ್ನು ಆದಾಯ ತೆರಿಗೆ ವಿವರ ಸಲ್ಲಿಸುವ ಆಫ್‌ಲೈನ್ ತಂತ್ರಾಂಶವನ್ನೇ ನೋಡೋಣ. ಹಿಂದೆ ಇಲಾಖೆ ಜಾವಾದಲ್ಲಿ ಬರೆದ ಒಂದು ತಂತ್ರಾಂಶ ಕೊಡುತ್ತಿತ್ತು, ಜಾವಾ ಇದ್ದರೆ ಅದು ಲಿನಕ್ಸ್‌ನಲ್ಲೂ ಓಡುತ್ತಿತ್ತು. 2021-22ರ ತೆರಿಗೆ ನಿರ್ಧಾರಣಾ ವರ್ಷಕ್ಕೆ ಹೊಸ ತಂತ್ರಾಂಶ ಬಂದಾಗ ಅದು ವಿಂಡೋಸ್ 7 ಅಥವಾ ನಂತರದ ಆವೃತ್ತಿಗೆ ಮಾತ್ರ ಎಂದು ಪ್ರಕಟವಾಯಿತು. ಎಕ್ಸೆಲ್ ರೂಪದ ತಂತ್ರಾಂಶ ನಡೆಯುವುದು ಮೈಕ್ರೋಸಾಫ್ಟ್ ಎಕ್ಸೆಲ್‌ನ ಮ್ಯಾಕ್ರೋಗಳ ಮೇಲೆ. ಎಲ್ಲ ಕಂಪ್ಯೂಟರಿಗೂ ಸಲ್ಲುತ್ತಿದ್ದ ದಾರಿ ಹೀಗೆ ಕಿರಿದಾಯಿತು.

ಸಂಬಳದಾರರಿಗೆ ಇದರಿಂದ ಅಷ್ಟು ತೊಂದರೆಯಿಲ್ಲ, ಬ್ರೌಸರ್‌ನಲ್ಲೇ ವಿವರ ತುಂಬಬಹುದು. ಇಲಾಖೆ ತನ್ನ ಜೆಸನ್ ಕಡತದ ವಿನ್ಯಾಸವನ್ನೂ ಪರಿಶೀಲನಾ ನಿಯಮಗಳನ್ನೂ ಬಹಿರಂಗವಾಗಿ ಪ್ರಕಟಿಸುತ್ತದೆ, ಆ ಮಟ್ಟಿಗೆ ಮೆಚ್ಚಬೇಕು. ಅದನ್ನು ಬಳಸಿ ಯಾರಾದರೂ ಲಿನಕ್ಸ್‌ಗೆ ತಂತ್ರಾಂಶ ಬರೆಯಬಹುದು. ಆದರೆ ಜುಲೈ ತಿಂಗಳಲ್ಲಿ ದಿನಕ್ಕೆ ಹತ್ತಾರು ಜನರ ಲೆಕ್ಕ ನೋಡುವ ಸಲಹೆಗಾರರಿಗೆ ಬೇಕಾದದ್ದು ಇಂದು ಓಡುವ ಆ್ಯಪ್, ನಾಳೆ ಯಾರೋ ಬರೆಯಬಹುದಾದದ್ದಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಪ್ರಿಂಟರ್, ಸ್ಕ್ಯಾನರ್ ಇವೆಲ್ಲ ಬ್ರೌಸರ್ ಒಂದರಿಂದಲೇ ಮುಗಿಯುವ ವಿಷಯವೂ ಅಲ್ಲ. ಅಲ್ಲಿ ಯಂತ್ರದ ಮೇಲೆ ಕೂರುವ ಆ್ಯಪ್ ಬೇಕೇ ಬೇಕು.

ಸರ್ಕಾರದ ಹಣದಲ್ಲಿ ಒಳ್ಳೆಯ ಕೆಲಸ ಆಗುತ್ತಿರುವ ಕಡೆಯೂ ಈ ತೊಡಕು ಇದೆ. ನಮ್ಮ ಪಕ್ಕದ ಪೊವಾಯಿಯಲ್ಲಿ ಐಐಟಿ ಬಾಂಬೆಯ ಫಾಸೀ ಯೋಜನೆ ಇ-ಸಿಮ್ ಎಂಬ ಮುಕ್ತ ತಂತ್ರಾಂಶ ಕೊಡುತ್ತದೆ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಸರ್ಕಿಟ್ ರಚಿಸಿ ಪರೀಕ್ಷಿಸಲು ಇದು ಉಪಯುಕ್ತ. ಕೈಕ್ಯಾಡ್, ಎನ್‌ಜಿ-ಸ್ಪೈಸ್ ಮೊದಲಾದ ಬೇರೆ ತಂತ್ರಾಂಶಗಳನ್ನು ಅದು ಒಳಗೆ ಜೋಡಿಸಿಕೊಳ್ಳುತ್ತದೆ. ಆದ್ದರಿಂದ ಲಿನಕ್ಸ್‌ನಲ್ಲಿ ಅದರ ಅನುಸ್ಥಾಪನೆ ಉಬುಂಟುವಿನ ನಿರ್ದಿಷ್ಟ ಆವೃತ್ತಿಗಳಿಗೆ ಕಟ್ಟುಬಿದ್ದಿದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಫೆಡೋರಾ ಇದ್ದರೆ ಅಧ್ಯಾಪಕರು ಮೊದಲು ಡಿಸ್ಟ್ರೋ ಬದಲಿಸಬೇಕು, ಆಮೇಲೆ ಪಾಠ. ಇದು ಆ ತಂಡದ ಸೋಮಾರಿತನವಲ್ಲ. ನಾಲ್ಕೈದು ಬೇರೆ ಯೋಜನೆಗಳ ಹೊಂದಾಣಿಕೆಯನ್ನು ಒಂದು ಸಣ್ಣ ತಂಡ ಹೊತ್ತಾಗ ಆಗುವುದೇ ಹೀಗೆ.

ಡಿಸ್ಟ್ರೋ ಮಾಡುವ ಚಟ

ಈ ತೊಡಕಿಗೆ ಭಾರತ ಕಂಡುಕೊಂಡ ಉತ್ತರವೇನು? ನಮ್ಮದೇ ಡಿಸ್ಟ್ರೋ. ಸಿ-ಡ್ಯಾಕ್‌ನ ಚೆನ್ನೈ ಕೇಂದ್ರ ಡೆಬಿಯನ್ ಆಧರಿಸಿ ಬಾಸ್ ಲಿನಕ್ಸ್ ರೂಪಿಸಿತು, ಅದರ ಮೊದಲ ಆವೃತ್ತಿ 2007ರ ಜನವರಿಯಲ್ಲಿ ಬಂತು. ಕನ್ನಡವೂ ಸೇರಿ ಭಾರತೀಯ ಭಾಷೆಗಳ ಬೆಂಬಲ ಅದರ ಹೆಗ್ಗಳಿಕೆ. ರಕ್ಷಣಾ ಸಚಿವಾಲಯ ತನ್ನ ಕಂಪ್ಯೂಟರ್‌ಗಳಿಗೆ ಉಬುಂಟು ಆಧಾರಿತ ‘ಮಾಯಾ’ ಅಳವಡಿಸುತ್ತಿರುವ ಸುದ್ದಿ 2023ರ ಆಗಸ್ಟ್‌ನಲ್ಲಿ ಬಂತು. ರಕ್ಷಣಾ ಕಚೇರಿಗೆ ತನ್ನದೇ ಬಿಗಿ ವ್ಯವಸ್ಥೆ ಬೇಕೆನ್ನುವುದಕ್ಕೆ ಕಾರಣವಿದೆ. ಸಾಮಾನ್ಯ ಕಚೇರಿಗೆ, ಮನೆಗೆ ಆ ಕಾರಣ ಅನ್ವಯಿಸುವುದಿಲ್ಲ. ಬಾಸ್ ಹಾಕಿಕೊಂಡ ಕಚೇರಿಗೂ ಆ ತೆರಿಗೆ ತಂತ್ರಾಂಶ ಸಿಗಲಿಲ್ಲ ಅಲ್ಲವೇ? ಗೋಡೆಗೆ ಹೊಸ ಬಣ್ಣ ಬಂತು, ಬಾಗಿಲು ಹಾಗೇ ಮುಚ್ಚಿತ್ತು.

ಬೇಲಾಪುರದ ಸೆಕ್ಟರ್ 7ರಲ್ಲಿ ಸಿ-ಡ್ಯಾಕ್‌ನ ಕಚೇರಿ ಇದೆ. ಮುಂಬಯಿಯ ಜುಹುವಿನಲ್ಲಿ ಬೆಳೆದ ಎನ್‌ಸಿಎಸ್‌ಟಿ ಎಂಬ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಸಿ-ಡ್ಯಾಕ್‌ನಲ್ಲಿ ವಿಲೀನವಾದ ಬಳಿಕ ಅದರ ಪರಂಪರೆ ಮುಂದುವರಿದದ್ದು ಈ ಮುಂಬಯಿ ಘಟಕದಲ್ಲಿ. ಈ ಶತಮಾನದ ಆರಂಭದಲ್ಲಿ ಎನ್‌ಸಿಎಸ್‌ಟಿ ಇಂಡಿಕ್ಸ್ ಎಂಬ ಯೋಜನೆಯಲ್ಲಿ ಲಿನಕ್ಸ್‌ನ ಚಿತ್ರ ಪದರಕ್ಕೇ ಭಾರತೀಯ ಲಿಪಿಗಳನ್ನು ಮೂಡಿಸುವ ಶಕ್ತಿ ಕೊಡಲು ಯತ್ನಿಸಿತು. ಆ ಕಾಲಕ್ಕೆ ಅದು ದೊಡ್ಡ ಸಾಹಸ. ಆದರೆ ಇಂದು ಲಿನಕ್ಸ್ ಪರದೆಯಲ್ಲಿ ನಮ್ಮ ಒತ್ತಕ್ಷರ ಸರಿಯಾಗಿ ಕೂರುವುದು ಹಾರ್ಫ್‌ಬಜ್ ಎಂಬ ಸಾಮಾನ್ಯ ಲೈಬ್ರರಿಯಿಂದ. ಅದು ಯಾವುದೇ ಒಂದು ಡಿಸ್ಟ್ರೋದ ಸ್ವತ್ತಲ್ಲ, ಎಲ್ಲರ ಅಡಿಪಾಯದಲ್ಲಿದೆ. ಪ್ರತ್ಯೇಕವಾಗಿ ಕಟ್ಟಿದ್ದು ಉಳಿಯಲಿಲ್ಲ, ಎಲ್ಲರ ತಳಕ್ಕೆ ಸೇರಿದ್ದು ಉಳಿಯಿತು.

ಕಾಸರಗೋಡಿನ ಪಾಠ

ಸ್ವಂತ ಡಿಸ್ಟ್ರೋ ಎಲ್ಲಿಯೂ ಗೆದ್ದಿಲ್ಲವೇ ಎಂದು ಕೇಳಿದರೆ ಗೆದ್ದಿದೆ. ಅದೂ ಕನ್ನಡದ ಮಕ್ಕಳ ನಡುವೆಯೇ. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅದು ಶಾಲೆಗಳಿಗಾಗಿ ಉಬುಂಟು ಆಧರಿಸಿದ ತನ್ನದೇ ಲಿನಕ್ಸ್ ಕೊಡುತ್ತದೆ. 2019ರಲ್ಲಿ ಹೊಸ ಆವೃತ್ತಿ ತಂದಾಗ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರ್‌ಗಳಿಗೆ ಅದು ಹೋಗುತ್ತದೆಂದೂ ಲೈಸೆನ್ಸ್ ಹಣದಲ್ಲಿ ₹3,000 ಕೋಟಿ ಉಳಿತಾಯವೆಂದೂ ಸಂಸ್ಥೆ ಹೇಳಿತ್ತು. ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಬರುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಲಿನಕ್ಸ್ ಎಂಬುದು ಭಯದ ಮಾತಲ್ಲ, ಶಾಲೆಯ ಪಾಠ.

ಅಲ್ಲಿ ಗೆದ್ದದ್ದು ಏಕೆ? ಪಠ್ಯದಲ್ಲಿ ಬರುವ ಪ್ರತಿ ಆ್ಯಪ್ ಆ ಲಿನಕ್ಸ್‌ನಲ್ಲಿ ಮೊದಲೇ ಕೂತಿರುತ್ತದೆ. ಶಿಕ್ಷಕರಿಗೆ ತರಬೇತಿ ಇದೆ. ಕೆಟ್ಟರೆ ಕೇಳಲು ಒಂದು ಸಂಸ್ಥೆ ಇದೆ. ಎಂದರೆ ಡಿಸ್ಟ್ರೋದ ಹೆಸರಿಗಿಂತ ಹೊಣೆ ಹೊತ್ತವರು ಇದ್ದದ್ದು ಮುಖ್ಯವಾಯಿತು. ಕರ್ನಾಟಕದಲ್ಲೂ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆಗೂಡಿ ವಿಷಯ ಶಿಕ್ಷಕರ ವೇದಿಕೆಯ ಮೂಲಕ ಉಬುಂಟು ಕಲಿಸಿದೆ. ಕೇರಳದಂತೆ ಎರಡು ದಶಕ ಒಂದೇ ಪಟ್ಟಿನಲ್ಲಿ ಮುಂದುವರಿಸುವ ಸರ್ಕಾರಿ ಸಂಕಲ್ಪ ನಮ್ಮಲ್ಲಿ ಕಾಣಲಿಲ್ಲ.

ಇದಕ್ಕೆ ವ್ಯತಿರಿಕ್ತ ಉದಾಹರಣೆ ಜರ್ಮನಿಯ ಮ್ಯೂನಿಕ್. 2003ರಲ್ಲಿ ಲಿನಕ್ಸ್‌ಗೆ ಹೋಗಲು ತೀರ್ಮಾನಿಸಿದ ಆ ನಗರಾಡಳಿತ ತನ್ನದೇ ಡಿಸ್ಟ್ರೋ ಕಟ್ಟಿತು. 2017ರಲ್ಲಿ ವಿಂಡೋಸ್‌ಗೆ ಮರಳುವ ನಿರ್ಣಯ ಮಾಡಿತು. ರಾಜಕೀಯ ಕಾರಣಗಳೂ ಇದ್ದವು. ಆದರೆ ಇಲಾಖೆಗಳ ವಿಶೇಷ ತಂತ್ರಾಂಶಗಳು ವಿಂಡೋಸ್‌ಗೆ ಮಾತ್ರ ಸಿಗುತ್ತಿದ್ದ ತೊಡಕು ಅವರನ್ನು ಉದ್ದಕ್ಕೂ ಕಾಡಿತು.

ಕಗಪ ತೋರಿದ ದಾರಿ

ಕನ್ನಡದ ಕೀಲಿಮಣೆಯೇ ಈ ವಿಷಯದಲ್ಲಿ ನಮಗೆ ಒಳ್ಳೆಯ ಪಾಠ ಹೇಳುತ್ತದೆ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸವೇ ನುಡಿಯಲ್ಲಿ ನಾವೆಲ್ಲ ಬಳಸುವ ಕೀಲಿಮಣೆಗೆ ಆಧಾರ. ಕಿನ್ನಿಕಂಬಳದಲ್ಲಿ ಹುಟ್ಟಿದ ಅವರೂ ಒಂದು ಕಾಲದಲ್ಲಿ ಮುಂಬಯಿಯಲ್ಲಿ ದುಡಿದವರು, ನಮ್ಮಂತೆ ಹೊರನಾಡ ಕನ್ನಡಿಗರು. ಅವರು 1990ರ ದಶಕದಲ್ಲಿ ಸೇಡಿಯಾಪು ತಂತ್ರಾಂಶವನ್ನು ಉಚಿತವಾಗಿ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಬಳಿಕ ಕನ್ನಡ ಗಣಕ ಪರಿಷತ್ತಿನ ನುಡಿ. ನುಡಿ, ಬರಹ ಎರಡೂ ವಿಂಡೋಸ್‌ಗಾಗಿ ಕಟ್ಟಿದವು. ವಿಂಡೋಸ್ ಬಿಟ್ಟವರಿಗೆ ಮೊದಲು ತಪ್ಪುವುದು ಇವೇ.

ಆದರೆ ಆ ವಿನ್ಯಾಸ ತಪ್ಪುವುದಿಲ್ಲ. ಲಿನಕ್ಸ್ ಡೆಸ್ಕ್‌ಟಾಪ್‌ಗಳೆಲ್ಲ ಕೀಲಿಮಣೆ ವಿನ್ಯಾಸಗಳನ್ನು ಒಂದೇ ಸಾಮಾನ್ಯ ಸಂಗ್ರಹದಿಂದ ಪಡೆಯುತ್ತವೆ. ಆ ಸಂಗ್ರಹದಲ್ಲಿ ‘ಕನ್ನಡ, ಕಗಪ’ ಎಂಬ ವಿನ್ಯಾಸ ಸೇರಿದೆ. ಹಾಗಾಗಿ ಡೆಬಿಯನ್ ಹಾಕಿ, ಫೆಡೋರಾ ಹಾಕಿ, ಮಿಂಟ್ ಹಾಕಿ, ಕೀಲಿಮಣೆ ಪಟ್ಟಿಯಲ್ಲಿ ಅದು ಸಿಗುತ್ತದೆ. ಯಾರೂ ಡೆಬ್ ಮಾಡಬೇಕಿಲ್ಲ, ಆರ್‌ಪಿಎಂ ಮಾಡಬೇಕಿಲ್ಲ. ಇನ್ನೂ ಸೊಗಸಿನ ಸಂಗತಿಯೆಂದರೆ ಅದೇ ಪಟ್ಟಿಯಲ್ಲಿ ಮರಾಠಿ, ಹಿಂದಿ, ಸಂಸ್ಕೃತ, ತೆಲುಗಿಗೂ ಕಗಪ ವಿನ್ಯಾಸಗಳಿವೆ. ಬೇಲಾಪುರದ ಮರಾಠಿ ಮಿತ್ರರು ಲಿನಕ್ಸ್‌ನಲ್ಲಿ ಮರಾಠಿ ಬೆರಳಚ್ಚು ಮಾಡಲು ಹೊರಟರೆ ನಮ್ಮ ಕನ್ನಡ ಗಣಕ ಪರಿಷತ್ತಿನ ಹೆಸರು ಅವರ ಕಣ್ಣಿಗೂ ಬೀಳುತ್ತದೆ.

ಒಂದು ಕೊರತೆಯನ್ನೂ ಹೇಳಬೇಕು. ನುಡಿಯಲ್ಲಿ ಒತ್ತಿದ ಸ್ವರ ಬಿಡಿ ಅಕ್ಷರವೋ ಗುಣಿತವೋ ಎಂದು ತಂತ್ರಾಂಶವೇ ತಿಳಿದುಕೊಳ್ಳುತ್ತದೆ. ಈ ಸಾಮಾನ್ಯ ಸಂಗ್ರಹದ ವಿನ್ಯಾಸಕ್ಕೆ ಆ ಜಾಣತನವಿಲ್ಲ. ಅದು ಬೇಕೆನ್ನುವವರು ಐಬಸ್ ಎಂಬ ಲೇಖನ ಪದ್ಧತಿಯ ಜೊತೆ ಎಂ17ಎನ್ ಸಂಗ್ರಹವನ್ನು ಹಾಕಿಕೊಂಡು ಅಲ್ಲಿಯ ಕೆಜಿಪಿ ವಿನ್ಯಾಸ ಆರಿಸಿಕೊಳ್ಳಬಹುದು. ಅಕ್ಷರಶೈಲಿಗಳೂ ಇದೇ ರೀತಿ ತಲುಪಿವೆ. ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟ್‌ಗಳು ಡೆಬಿಯನ್‌ನ ಸಂಗ್ರಹದಲ್ಲೇ ಇವೆ. ಸದ್ದಿಲ್ಲದೆ ಈ ಕೆಲಸ ಮಾಡಿದ ಕನ್ನಡ ಸ್ವಯಂಸೇವಕರಿಗೆ ನಾವು ಋಣಿಗಳು.

ಏನು ಕೇಳಬೇಕು, ಏನು ಮಾಡಬೇಕು

ಸರ್ಕಾರಗಳನ್ನು ಕೇಳಬೇಕಾದದ್ದು ದೊಡ್ಡದೇನಲ್ಲ. ಸಾರ್ವಜನಿಕರು ಬಳಸಲೇಬೇಕಾದ ಯಾವುದೇ ಡೆಸ್ಕ್‌ಟಾಪ್ ತಂತ್ರಾಂಶದ ಟೆಂಡರ್‌ನಲ್ಲಿ ಒಂದು ಸಾಲು ಇರಲಿ: ವಿಂಡೋಸ್ ಪ್ರತಿಯ ಜೊತೆಗೆ ಫ್ಲಾಟ್‌ಪ್ಯಾಕ್ ಅಥವಾ ಆ್ಯಪ್‌ಇಮೇಜ್ ರೂಪದಲ್ಲಿ ಲಿನಕ್ಸ್ ಪ್ರತಿಯೂ ಕೊಡಬೇಕು, ಪ್ರತಿ ಹೊಸ ಆವೃತ್ತಿಯಲ್ಲೂ ಅದನ್ನು ನವೀಕರಿಸಬೇಕು. ಈ ಎರಡನೇ ಭಾಗ ಮುಖ್ಯ. ಒಮ್ಮೆ ಕೊಟ್ಟು ಕೈತೊಳೆದುಕೊಂಡ ಲಿನಕ್ಸ್ ಪ್ರತಿ ಇಲ್ಲದ್ದಕ್ಕಿಂತ ಅಪಾಯ. ಲಿನಕ್ಸ್ ಬಳಸುವವರು ಎಷ್ಟು ಮಂದಿ ಎಂಬ ಮರುಪ್ರಶ್ನೆ ಬರುತ್ತದೆ. ಆ್ಯಪ್ ಇಲ್ಲದ ಕಾರಣಕ್ಕೆ ಜನ ಬರುವುದಿಲ್ಲ, ಜನ ಬರದ ಕಾರಣಕ್ಕೆ ಆ್ಯಪ್ ಮಾಡುವುದಿಲ್ಲ. ಈ ಸುತ್ತನ್ನು ಖಾಸಗಿ ಕಂಪನಿ ಮುರಿಯಬೇಕೆಂದು ಒತ್ತಾಯಿಸಲಾಗದು. ತೆರಿಗೆ ಹಣದಲ್ಲಿ ನಡೆಯುವ ಇಲಾಖೆಯನ್ನು ಒತ್ತಾಯಿಸಬಹುದು.

ಸಿ-ಡ್ಯಾಕ್‌ನಂಥ ಸಂಸ್ಥೆಗಳಿಗೆ ಇನ್ನೊಂದು ಕೆಲಸವಿದೆ. ಓಪನ್‌ಸೂಸೆಯವರು ಓಪನ್ ಬಿಲ್ಡ್ ಸರ್ವಿಸ್ ಎಂಬ ಸೇವೆ ನಡೆಸುತ್ತಾರೆ. ಒಂದೇ ಮೂಲದಿಂದ ಹಲವು ಡಿಸ್ಟ್ರೋಗಳಿಗೆ ಪ್ಯಾಕೇಜ್ ಕಟ್ಟಿಕೊಡುವ ಕಾರ್ಖಾನೆ ಅದು. ಇಲಾಖೆಗಳಿಗೆ, ವಿಶ್ವವಿದ್ಯಾಲಯಗಳಿಗೆ, ಭಾಷಾ ಸಂಸ್ಥೆಗಳಿಗೆ ಅಂಥದ್ದೊಂದು ಸೇವೆ ಸಿಕ್ಕರೆ ಇ-ಸಿಮ್‌ನಂಥ ತಂಡಗಳ ಬೆನ್ನಿನ ಭಾರ ಇಳಿಯುತ್ತದೆ. ಕರ್ನಾಟಕ ಸರ್ಕಾರ ತಾನು ಹಣ ಕೊಟ್ಟ ಕನ್ನಡ ತಂತ್ರಾಂಶಗಳ ಮೂಲ ಸಂಕೇತವನ್ನು ಮುಕ್ತವಾಗಿ ಪ್ರಕಟಿಸಿದರೆ ಉಳಿದದ್ದನ್ನು ಮಾಡಲು ಕನ್ನಡದ ಹುಡುಗ ಹುಡುಗಿಯರು ಇದ್ದಾರೆ.

ಇನ್ನು ನಮ್ಮ ಪಾಲು. ಹಳೆಯ ಕಂಪ್ಯೂಟರನ್ನು ಲಿನಕ್ಸ್‌ಗೆ ತಿರುಗಿಸುವ ಮೊದಲು ನಿತ್ಯ ಬಳಸುವ ಆ್ಯಪ್‌ಗಳ ಪಟ್ಟಿ ಬರೆದುಕೊಳ್ಳಿ. ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ಪ್ರಿಂಟರ್, ಟೋಕನ್, ಕನ್ನಡ ಕೀಲಿಮಣೆ ಮೂರನ್ನೂ ಪರೀಕ್ಷಿಸಿ. ಆಮೇಲಷ್ಟೇ ಡಿಸ್ಕ್ ಮುಟ್ಟಿ. ದೀರ್ಘಾವಧಿ ಬೆಂಬಲವಿರುವ ಆವೃತ್ತಿಯನ್ನೇ ಆರಿಸಿಕೊಳ್ಳಿ. ಸಂಘದ ಹಳೆಯ ನುಡಿ, ಬರಹ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳಿ. ಆಗ ಯಾವ ವ್ಯವಸ್ಥೆಗೆ ಹೋದರೂ ಇಪ್ಪತ್ತು ವರ್ಷದ ಸ್ಮರಣ ಸಂಚಿಕೆ ಓದಲು ಸಿಗುತ್ತದೆ.

ಕೋಡ್ ಬರೆಯುವ ಕೆಲಸದಲ್ಲಿರುವ ಹೊರನಾಡ ಕನ್ನಡಿಗರಿಗೆ ಒಂದು ಮಾತು. ರಾಜ್ಯೋತ್ಸವಕ್ಕೆ ನಾವು ಚಂದಾ ಕೊಡುತ್ತೇವೆ, ವೇದಿಕೆ ಕಟ್ಟುತ್ತೇವೆ. ಜೊತೆಗೆ ವರ್ಷಕ್ಕೊಂದು ಕನ್ನಡ ತಂತ್ರಾಂಶವನ್ನು, ಅದು ನಿಘಂಟಾಗಲಿ, ಕಾಗುಣಿತ ಪರೀಕ್ಷಕವಾಗಲಿ, ಲಿಪಿ ಪರಿವರ್ತಕವಾಗಲಿ, ಫ್ಲಾಟ್‌ಪ್ಯಾಕ್ ಮಾಡಿ ಕೊಡಬಾರದೇಕೆ? ಕೆಲವು ವಾರಾಂತ್ಯಗಳ ಕೆಲಸ, ಮತ್ತೆ ಹೊಸ ಆವೃತ್ತಿ ಬಂದಾಗಲೆಲ್ಲ ಒಂದು ಸಂಜೆ. ಹೆಸರು ಬರುವ ಕೆಲಸವಲ್ಲ ಇದು. ಆದರೆ ಒಬ್ಬರು ಕಟ್ಟಿಟ್ಟರೆ ಬೀದರಿನ ಶಾಲೆಯಿಂದ ಬೇಲಾಪುರದ ಸಂಘದವರೆಗೆ ಯಾವ ಲಿನಕ್ಸ್ ಇದ್ದರೂ ಆ ತಂತ್ರಾಂಶ ಒಂದೇ ಕ್ಲಿಕ್ಕಿಗೆ ಸಿಗುತ್ತದೆ.